ಮದುವೆ ಫೋಟೊ ಎಡಿಟಿಂಗ್‌ಗೆ ಲ್ಯಾಪ್‌ಟಾಪಾ, ಡೆಸ್ಕ್‌ಟಾಪಾ?

ಕೇಳಿದವರು, ದಾವಣಗೆರೆ:
ಎರಡು ವರ್ಷದಿಂದ ಮದುವೆ, ನಾಮಕರಣದ ಫೋಟೊ ತೆಗೆಯುತ್ತಿದ್ದೇನೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ, ಎಲ್ಲಾ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ದೊಡ್ಡ ಫೈಲ್). ಒಂದು ಮದುವೆಗೆ ಎರಡು ಸಾವಿರ ಕ್ಲಿಕ್, ಅಂದರೆ ಸುಮಾರು 50 ಜಿಬಿ. ಈಗಿರುವುದು 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್ ಒತ್ತಿ, ಹೊರಗೆ ಹೋಗಿ ಟೀ ಕುಡಿದು ಬರಬಹುದು! ಕೈಯಲ್ಲಿ 80 ಸಾವಿರ ಇದೆ. ಏನು ತಗೊಳ್ಳಲಿ?

ಚಿತ್ರದುರ್ಗದಿಂದ, ಸ್ಟುಡಿಯೊದವರು:
ಡೆಸ್ಕ್‌ಟಾಪ್ ತಗೊಳ್ಳಿ ಬ್ರದರ್. ನಾನು ಮೊದಲು ಲ್ಯಾಪ್‌ಟಾಪೇ ತಗೊಂಡಿದ್ದೆ. ನಮ್ಮದು ಶೀಟಿನ ಮನೆ. ಏಪ್ರಿಲ್‌ನಲ್ಲಿ ನಾಯ್ಸ್ (ಫೋಟೊದಲ್ಲಿನ ಕಾಳುಕಾಳು) ತೆಗೆಯಲು ನೂರು ಫೋಟೊ ಹಾಕಿದರೆ ಫ್ಯಾನ್ ಕೂಗುತ್ತಿತ್ತು. ಮೊದಲ ಹತ್ತು ಫೋಟೊ ಬೇಗ ಆಗುತ್ತಿದ್ದವು, ಆಮೇಲೆ ಆಮೆ. ಬಿಸಿ ಜಾಸ್ತಿಯಾದರೆ ಅದೇ ತನ್ನ ವೇಗ ಇಳಿಸಿಕೊಳ್ಳುತ್ತದೆ. ಕೆಳಗೆ ನೀರಿನ ಬಾಟಲಿಯ ನಾಲ್ಕು ಮುಚ್ಚಳ ಇಟ್ಟು ಗಾಳಿ ಆಡಿಸುತ್ತಿದ್ದೆ. ರ‍್ಯಾಮ್ ಹಾಕಿಸೋಣ ಅಂದರೆ ಬೋರ್ಡಿಗೇ ಬೆಸುಗೆ ಹಾಕಿದ್ದರು. ಈಗಿನ ಡೆಸ್ಕ್‌ಟಾಪ್‌ನಲ್ಲಿ 16 ಇದ್ದದ್ದನ್ನು 32 ಮಾಡಲು ಹತ್ತು ನಿಮಿಷ ಸಾಕಾಯಿತು.

ಕರೆಂಟ್ ಹೋದ ತಕ್ಷಣ ಬ್ಯಾಟರಿಯಿಂದ ಕಂಪ್ಯೂಟರ್ ನಡೆಸುವ ಯುಪಿಎಸ್ ಮಾತ್ರ ಮರೆಯಬೇಡಿ. ಮನೆಯಲ್ಲಿ ಇನ್ವರ್ಟರ್ ಇದೆ ಅಂತ ಸುಮ್ನೆ ಕೂತಿದ್ದೆ. ಕರೆಂಟ್ ಹೋಗಿ ಇನ್ವರ್ಟರ್ ಎದ್ದೇಳುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್, ಅರ್ಧ ಆಗಿದ್ದ ಎಕ್ಸ್‌ಪೋರ್ಟ್ ನೀರುಪಾಲು.

ಹೊಳಲ್ಕೆರೆಯಿಂದ:
ನನಗೆ ಲ್ಯಾಪ್‌ಟಾಪೇ ಸರಿ. ಧಾರೆ ಮುಗಿದು ಊಟಕ್ಕೆ ಕೂರುವಷ್ಟರಲ್ಲಿ ಹುಡುಗಿ ಕಡೆಯವರಿಗೆ ಸ್ಟೇಟಸ್‌ಗೆ ಹತ್ತು ಫೋಟೊ ಬೇಕು. ಡೆಸ್ಕ್‌ಟಾಪ್ ಹೊತ್ತುಕೊಂಡು ಹೋಗಲಿಕ್ಕಾಗುತ್ತಾ?

ದಾವಣಗೆರೆಯಿಂದ, ಆಲ್ಬಂ ಡಿಸೈನ್ ಮಾಡುವವರು:
ಡಬ್ಬಿ ಯಾವುದಾದರೂ ಇರಲಿ, ಸ್ಕ್ರೀನ್ ನೋಡಿ. ನನ್ನ ಮೊದಲ ಆಲ್ಬಂ ಲ್ಯಾಬ್‌ನಿಂದ ಕಪ್ಪಾಗಿ ಬಂತು. ಮದುಮಗಳ ಕುಂಕುಮ ಬಣ್ಣದ ಸೀರೆ ಒಣಗಿದ ಖಾರದಪುಡಿ ತರಹ ಆಗಿತ್ತು, ಅಂಚಿನ ಹೂವೆಲ್ಲ ಮುಚ್ಚಿಹೋಗಿತ್ತು. ಲ್ಯಾಬ್‌ನವರ ಜೊತೆ ಜಗಳವೂ ಆಡಿದೆ. ತಪ್ಪು ನನ್ನದೇ. ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದ್ದೆ. ಕಣ್ಣಿಗೆ ಬೆಳ್ಳಗೆ ಕಂಡಿತು ಅಂತ ಫೋಟೊ ಕತ್ತಲೆ ಮಾಡುತ್ತಾ ಹೋಗಿದ್ದೆ. ಅದೂ ಅಲ್ಲದೆ, ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ '45% ಎನ್‌ಟಿಎಸ್‌ಸಿ' ಅಂತ ಬರೆದ, ಕಡಿಮೆ ಬಣ್ಣ ತೋರಿಸುವ ಸ್ಕ್ರೀನ್ ಇರುತ್ತದೆ. ಅದರಲ್ಲಿ ಕೆಂಪು ಪೂರ್ತಿ ಕಾಣುವುದೇ ಇಲ್ಲ. ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಸ್ಕ್ರೀನ್), 100% ಎಸ್‌ಆರ್‌ಜಿಬಿ (ಫೋಟೊಗೆ ಬೇಕಾದ ಸಾಮಾನ್ಯ ಬಣ್ಣಗಳೆಲ್ಲ ಕಾಣುವುದು) ಅಂತ ಇದ್ದರೆ ಮಾತ್ರ ತಗೊಳ್ಳಿ. ಈಗ ನಾನು ಆಲ್ಬಂಗೆ ಮುಂಚೆ ಒಂದೆರಡು ಫೋಟೊ ಪ್ರಿಂಟ್ ಹಾಕಿಸಿ, ಸ್ಕ್ರೀನ್ ಪಕ್ಕ ಹಿಡಿದು ನೋಡುತ್ತೇನೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿ ಕಲ್ಯಾಣ ಮಂಟಪಕ್ಕೆ ಇಟ್ಟುಕೊಳ್ಳುತ್ತೇನೆ. ಉಳಿದ ದುಡ್ಡಿನಲ್ಲಿ ಡೆಸ್ಕ್‌ಟಾಪ್, ಒಳ್ಳೇ ಮಾನಿಟರ್, ಯುಪಿಎಸ್. ಅಂದಹಾಗೆ, ಹೋದ ತಿಂಗಳ ಆಲ್ಬಂ ಯಾಕೆ ಕಪ್ಪಾಗಿತ್ತು ಅಂತ ಈಗ ಗೊತ್ತಾಯಿತು. ಲ್ಯಾಬ್‌ನವರಿಗೆ ಫೋನ್ ಮಾಡಬೇಕು, ನಾನೂ ಬೈದಿದ್ದೆ.