ಅಪ್‌ಡೇಟ್: ಕಲ್ಲಿನೊಳಗೆ ಸಿಕ್ಕ ಜರಿಗಿಡ

ಹೋದ ತಿಂಗಳು ಒಂದು ಕಲ್ಲಿನ ಬಗ್ಗೆ ಕೇಳಿದ್ದೆ. ಚಿಕ್ಕಮಗಳೂರಿನ ಹತ್ತಿರ ನಮ್ಮ ತೋಟದಲ್ಲಿ ಸಿಲ್ವರ್ ಓಕ್ ನೆಡಲು ಗುಂಡಿ ತೆಗೆಯುವಾಗ ಸಿಕ್ಕಿದ್ದು. ಹಾರೆ ಏಟಿಗೆ ಬಿರಿದ ಕಲ್ಲಿನ ಒಳಮೈ ಮೇಲೆ ಕಪ್ಪಗೆ ಜರಿಗಿಡದ ಅಚ್ಚು. ಪಳೆಯುಳಿಕೆ ಇರಬಹುದಾ, ಏನು ಮಾಡಲಿ ಅಂದಿದ್ದೆ. ತೊಳೆಯಬೇಡಿ, ಪಕ್ಕದಲ್ಲಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಸಿಕ್ಕ ಜಾಗ ಬರೆದಿಡಿ, ಗೊತ್ತಿರುವವರಿಗೆ ತೋರಿಸಿ ಅಂದಿರಿ. ಎಲ್ಲ ಮಾಡಿದೆ. ಅಷ್ಟರಲ್ಲಿ ಅಮ್ಮ ತೆಂಗಿನ ನಾರು ಹಾಕಿ ತಿಕ್ಕಿ ತೊಳೆದಿದ್ದರು, ಅದು ಬೇರೆ ಮಾತು.

ಹಾಸನದ ಕಾಲೇಜೊಂದರ ಭೂವಿಜ್ಞಾನದ ಮೇಷ್ಟ್ರು ಲೆನ್ಸ್ ಹಿಡಿದು ಅರ್ಧ ನಿಮಿಷ ನೋಡಿ ನಕ್ಕರು. ಗಿಡ ಅಲ್ಲ, ಡೆಂಡ್ರೈಟ್. ಕಲ್ಲಿನ ಸಣ್ಣ ಬಿರುಕಿಗೆ ನೀರು ಇಳಿದು, ಅದರಲ್ಲಿದ್ದ ಮ್ಯಾಂಗನೀಸ್ ಆಕ್ಸೈಡ್ ಆಗಿ ಕೂತು ಹೀಗೆ ಕವಲೊಡೆಯುತ್ತದೆ. ಲೆನ್ಸ್ ನನಗೂ ಕೊಟ್ಟರು. ಎಲೆಗೆ ಇರಬೇಕಾದ ನಡುನರವೇ ಇಲ್ಲ. ಕವಲುಗಳೆಲ್ಲ ಬಿರುಕಿನ ಅಂಚಿನಿಂದ ಹೊರಟಿವೆ, ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ.

ಸುಮ್ನೆ ಯೋಚಿಸಿದ್ದರೂ ನನಗೇ ಹೊಳೆಯಬೇಕಿತ್ತು. ಬಾಬಾಬುಡನ್‌ಗಿರಿ ಸಾಲಿನ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ನೆಲದ ಮೇಲೆ ಗಿಡ ಬಂದಿದ್ದೇ ಸುಮಾರು 47 ಕೋಟಿ ವರ್ಷದ ಹಿಂದೆ. ಇಲ್ಲಿ ಜರಿಗಿಡ ಎಲ್ಲಿಂದ ಬರಬೇಕು, ಅಲ್ವಾ? ಅಷ್ಟು ಹಳೆಯ ಜೀವದ ಗುರುತು ಬೇಕಿದ್ದರೆ ಚಿತ್ರದುರ್ಗದ ಕಡೆ ಸ್ಟ್ರೊಮ್ಯಾಟೊಲೈಟ್ ನೋಡಿ ಅಂದರು. ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲು ಅದು. ಮಳೆ ನಿಂತ ಮೇಲೆ ಹೋಗಬೇಕು.

ನಮ್ಮ ಕಲ್ಲು ಈಗ ಟಿವಿ ಪಕ್ಕ ಇದೆ. ಬಂದವರಿಗೆ ಅಪ್ಪ ಇನ್ನೂ ಪಳೆಯುಳಿಕೆ ಅಂತಲೇ ತೋರಿಸುತ್ತಾರೆ.