ಅಪ್‌ಡೇಟ್: ವಿಜಯಪುರದ ಬಿಸಿಲಾಗ ಜೇನು ಪೆಟ್ಟಿಗಿ ಬಿಡೋದು ನಿಂತದ

ಏಪ್ರಿಲ್ ಬಂದ್ರ ತುಡುವೆ ಜೇನು (ಪೆಟ್ಟಿಗಿಯೊಳಗ ಸಾಕೋ ಜಾತಿ) ಹಿತ್ತಲದ ಪೆಟ್ಟಿಗಿ ಬಿಟ್ಟು ಯಾಕ ಹಾರಿ ಹೋಗ್ತಾವ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಶರಣ್ರಿ.

ಬಿಸಿಲು ಅರ್ಧ ಕಾರಣ ಅಷ್ಟ. ಪೆಟ್ಟಿಗಿಯ ಅಡಿಹಲಗಿ ಮ್ಯಾಲ ಮೇಣ ತಿನ್ನೋ ಪತಂಗದ ಮರಿಹುಳ, ಬಲಿಯಂಥ ನೂಲು ಸಿಕ್ಕವು. ಜೇನುಹುಳ ಕಡಿಮಿ ಆದಾಗ ಕಾಯೋರಿಲ್ಲದ ಹಳೇ ಕರೀ ಎರಿಯೊಳಗ (ಜೇನು ಕಟ್ಟೋ ಮೇಣದ ತಟ್ಟಿ) ಅವು ಬೆಳೀತಾವ. 8 ಚೌಕಟ್ಟಿನ್ಯಾಗ ಜೇನುಹುಳ ತುಂಬಿ ಕುಂತ 4 ಅಷ್ಟ ಉಳಿಸಿ, ಉಳಿದ ಎರಿ ಕರಗಿಸಿದೆ. ಅಡಿಹಲಗಿ 10 ದಿನಕ್ಕೊಮ್ಮೆ ಕೆರದು ಒರಸಬೇಕು, ಇದನ್ನ ಮಾತ್ರ ತಪ್ಪಿಸಬ್ಯಾಡ್ರಿ.

ಹೂವಿಲ್ಲದ ದಿನಕ್ಕ ಅರ್ಧ ಕೆಜಿ ಸಕ್ಕರಿಗೆ ಅರ್ಧ ಲೀಟರ್ ನೀರಿನ ಪಾಕ. ಸಂಜೀಮುಂದ, ಪೆಟ್ಟಿಗಿ ಒಳಗ ಇಡ್ರಿ. ಹೊರಗ ಚೆಲ್ಲಿದ್ರ ಬ್ಯಾರೆ ಗೂಡಿನ ಜೇನು ಲೂಟಿಗೆ ಬರ್ತಾವ. ಬಟ್ಟಲದಾಗ ಒಣ ಕಡ್ಡಿ ಹಾಕ್ರಿ, ಇಲ್ಲಂದ್ರ ಮುಳುಗಿ ಸಾಯ್ತಾವ.

ಬಿಸಿಲಿಗೆ ಬೇವಿನ ನೆರಳು, ಮುಚ್ಚಳದ ಮ್ಯಾಲ ಹಸಿ ಗೋಣಿಚೀಲ, ಇರುವಿಗೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲ. ರಾಣಿ ಜೇನು ಹಾರಿ ಹೋಗದಂಗ ತಡೆಯೋ ಜಾಳಿಗಿ ಬಾಗಿಲಿಗೆ ಭಾಳ ದಿನ ಬಿಡಬ್ಯಾಡ್ರಿ, ಗಂಡು ಜೇನು ಹೊರಬರದ ಸತ್ತು ದಾರಿ ಕಟ್ಟತದ.

ಕುಸುಬಿ, ಸೂರ್ಯಪಾನ ಅರಳಿದಾಗ ಮ್ಯಾಲಿನ ಎರಿಯ ಮುಕ್ಕಾಲು ಕೋಣೆಗೆ ಮೇಣದ ಮುಚ್ಚಳ ಬಿದ್ದಮ್ಯಾಲೇ ಜೇನುತುಪ್ಪ ತೆಗೀರಿ. ಮೊದಲೇ ತೆಗೆದ್ರ ನೀರಿನಂಶ ಹೆಚ್ಚಾಗಿ ಹುಳಿ ಬರ್ತದ.