ಚಿತ್ತಾರದ ಪುಸ್ತಕವನ್ನು ಅರ್ಧಕ್ಕೇ ಬಿಡಬಹುದೇ?

ಪ್ರಶ್ನೆ: ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗಾವಾನ್ ಮದರಸಾದ ಬಣ್ಣದ ಹೆಂಚುಗಳನ್ನೂ ಅಷ್ಟೂರಿನ ಅಹಮದ್ ಶಾ ವಲಿ ಗುಮ್ಮಟದ ಒಳಚಿತ್ತಾರಗಳನ್ನೂ ಪೆನ್ಸಿಲಿನಲ್ಲಿ ಬರೆದು ಪುಸ್ತಕ ಮಾಡಬೇಕೆಂದು ಹಲವು ವರ್ಷಗಳಿಂದ ತೊಡಗಿದ್ದೆ. ಈಗ ಮನೆಯಲ್ಲಿ ಕೂಸಿದೆ, ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ. ನಿಜ ಹೇಳಬೇಕೆಂದರೆ ಆ ಕೆಲಸದ ಆಸೆಯೂ ಆರಿದೆ. ಬಿಡುವುದು ಸರಿಯೇ?

ಉತ್ತರ 1: ಧಾರಾಳವಾಗಿ ಬಿಡಿ, ತಂಗಿ. ಹಾಳೆಗಳನ್ನು ಮಾತ್ರ ಅಟ್ಟಕ್ಕೆ ಹಾಕಬೇಡಿ. ಬಿದರಿ ಕುಶಲಕರ್ಮಿಗಳು ಸತು, ತಾಮ್ರದ ಎರಕದ ಮೇಲೆ ಬೆಳ್ಳಿ ತಂತಿ ಕೂರಿಸುವ ಮೊದಲು ಉಳಿಯಿಂದ ನಕ್ಷೆ ಕೊರೆಯುತ್ತಾರೆ. ಅವರ ಕೈಗೆ ಸಿಕ್ಕರೆ ನಿಮ್ಮ ಅರ್ಧ ಬಳ್ಳಿಯೂ ಹೂಜಿಯ ಮೇಲೆ ಪೂರ್ತಿಯಾದೀತು.

ಉತ್ತರ 2: ಕೊಡುವ ಮೊದಲು ಪ್ರತಿ ಹಾಳೆಯ ಹಿಂದೆ ಯಾವ ಗೋಡೆ, ಯಾವ ದಿಕ್ಕು ಎಂದು ಬರೆದಿಡಿ, ಅಕ್ಕಾವರೆ.

ಪ್ರಶ್ನೆ ಕೇಳಿದವರು: ಗುಮ್ಮಟದ ಹಾಳೆಗಳನ್ನು ಕೊಡುತ್ತೇನೆ. ಹೆಂಚಿನವನ್ನು ಕೊಡಲು ಇನ್ನೂ ಮನಸ್ಸಾಗುತ್ತಿಲ್ಲ.